ಪುಟ್ಟಿ ಹತ್ತೋ ಮುಂಚೆ ಜಾಕೆಟ್ಟಿನ ಮಾತು

ನಡುಗಡ್ಡಿ ಮಂದಿಗೆ ಕೃಷ್ಣಾ ಹೊಳಿ ದಾಟುವುದೆಂದರೆ ಓಣಿ ದಾಟಿದಂಗ. ರಾಯಚೂರು ದಂಡಿಗೆ ತೆಪ್ಪ ಅಂತೀವಿ, ಮಕ್ತಲ್ ಕಡೆ ಪಂಚದೇವಪಹಾಡಕ್ಕೆ ಬಂದರೆ ಅದೇ ಪುಟ್ಟಿ. 2020ರ ಆಗಸ್ಟಿನಲ್ಲಿ ತುಂಬಿದ ಹೊಳ್ಯಾಗ ಇಲ್ಲೇ ಒಂದು ಪುಟ್ಟಿ ಮಗುಚಿತು. ಇದ್ದವರು ಕುರ್ವಕಲಾ ಕಡೆಯ 13 ಮಂದಿ. ಒಂಬತ್ತು ಜನ ಉಳಿದರು, ನಾಲ್ವರನ್ನು ಹೊಳಿ ಒಯ್ದಿತು.

ನಾನೂ ಒಮ್ಮೆ ಜಾಕೆಟ್ಟನ್ನು ಮೆತ್ತಗದ ಅಂತ ಕೆಳಗ ಹಾಕ್ಕೊಂಡು ಕುಂತು ಹೊಳಿ ದಾಟಿದವನೇ. ಅದು ಎಂಥ ದಡ್ಡತನ ಅಂತ ತಿಳಿದದ್ದು ಸಣ್ಣ ವಿಮಾನದವರ ಪದ್ಧತಿ ಓದಿದ ಮೇಲೆ. ಒಂದೇ ಇಂಜಿನ್ನಿನ ವಿಮಾನದಲ್ಲಿ ತಣ್ಣನೆ ಸಮುದ್ರ ದಾಟುವವರು ನೆಲ ಬಿಡೋ ಮುಂಚೆಯೇ ಜಾಕೆಟ್ಟು ತೊಡುತ್ತಾರೆ. ಇಂಜಿನ್ನು ನಿಂತ ಮೇಲೆ ಹುಡುಕಲು ಪುರುಸೊತ್ತು ಎಲ್ಲಿ? ಕೊರೆಯುವ ನೀರಿಗೆ ಬಿದ್ದೊಡನೆ ಉಸಿರು ತಾನೇ ಒಳಗೆಳೆಯುತ್ತದೆ, ಬಾಯಿಗೆ ನೀರು ನುಗ್ಗುತ್ತದೆ. ಸ್ವಲ್ಪ ಹೊತ್ತಿಗೆ ಬೆರಳು ಮರಗಟ್ಟಿ ಗುಂಡಿ ಹಾಕಲೂ ಆಗದು.

ಅವರ ಜಾಕೆಟ್ಟು ಗಾಳಿ ತುಂಬಿಸುವಂಥದ್ದು. ಅದನ್ನು ಹೊರಗೆ ಬಂದ ಮೇಲೆಯೇ ಉಬ್ಬಿಸಬೇಕು. 1996ರ ನವೆಂಬರಿನಲ್ಲಿ ಅಪಹರಣಕಾರರ ಹಟಕ್ಕೆ ಇಂಧನ ತೀರಿ, ಇಥಿಯೋಪಿಯಾದ ದೊಡ್ಡ ವಿಮಾನವೊಂದು ಕೊಮೊರೊಸ್ ದ್ವೀಪದ ಬಳಿ ನೀರಿಗೆ ಬಿತ್ತು. ಒಳಗೇ ಜಾಕೆಟ್ಟು ಉಬ್ಬಿಸಿಕೊಂಡ ಎಷ್ಟೋ ಜನ ನೀರು ತುಂಬಿದಂಗ ಮೇಲಕ್ಕೆ ತೇಲಿ, ಬಾಗಿಲಿಗೆ ಬರಲಾರದೆ ಸತ್ತರು.

ನಮ್ಮ ಪುಟ್ಟಿಗೆ ಆ ಚಿಂತಿ ಇಲ್ಲ. ನಮ್ಮದು ಸ್ಪಂಜಿನ ಜಾಕೆಟ್ಟು, ದಂಡಿಯಲ್ಲೇ ತೊಟ್ಟು ಪಟ್ಟಿ ಬಿಗಿದರಾಯಿತು. ಸಡಿಲಿದ್ದರ ಅದು ಮೇಲೇಳ್ತದ, ನೀವು ಕೆಳಗ ಜಾರ್ತೀರಿ. ಕೂಸಿಗೆ ಕೂಸಿನ ಅಳತೆಯದೇ ಬೇಕು. ನಾರಾಯಣಪೇಟೆ ಸೀರಿ ಗಂಟಾಗಲಿ, ಗದ್ವಾಲದ ಬೀಜದ ಚೀಲವಾಗಲಿ ನಡುವೆ ಇಡ್ರಿ, ಜನ ಸುತ್ತ ಕೂಡಲಿ. ಹುಟ್ಟು ಹಾಕುವವನು "ಲೇವಕಂಡಿ" ಅಂದರೆ ಏಳಬ್ಯಾಡ್ರಿ. ಒಬ್ಬ ಎದ್ದರೆ ಪುಟ್ಟಿ ವಾಲ್ತದ. ಜನ ಹೆಚ್ಚಾದರೆ ಇಳಿದು ಮುಂದಿನ ಸರತಿಗೆ ಕಾಯ್ರಿ, ಅದರಾಗ ಮರ್ಯಾದಿ ಹೋಗೂದಿಲ್ಲ.

ಹೊರಡೋ ಮುಂಚೆ ನಾರಾಯಣಪುರ ಡ್ಯಾಮಿನ ಗೇಟು ತೆಗೆದಾರೇನು ಕೇಳ್ರಿ. ಮೇಲೆ ಬಿಟ್ಟ ನೀರು ಇಲ್ಲಿಗೆ ಬರೋದು ತಡವಾಗಿ. ಬೆಳಗ್ಗೆ ಸುಮ್ಮನಿದ್ದ ಹೊಳಿ ಸಂಜಿಗೆ ಬ್ಯಾರೆ. ವಿಮಾನದವರು ಹೋಗೋ ದಾರಿ, ಮುಟ್ಟೋ ಹೊತ್ತು ಹೇಳಿ ಹೊರಡ್ತಾರ. ನೀವೂ ಮನಿಯಾಗ ಹೇಳಿ ಬರ್ರಿ.

ಮಗುಚಿದರೂ ಪುಟ್ಟಿ ತೇಲ್ತಿದ್ದರೆ ಕೈ ಬಿಡಬ್ಯಾಡ್ರಿ. ಸೆಳವಿಗೆ ಎದುರು ಈಜಬ್ಯಾಡ್ರಿ, ಅದರ ಜೋಡಿ ಓರೆಯಾಗಿ ದಂಡಿಗೆ ಸರೀರಿ.