ಹೊಳೆಯುವ ಮೈಯೊಳಗಿನ ಎಲುಬು: ಕಿಟ್ ಕಾರ್ ಕೊಳ್ಳುವ ಮುನ್ನ

ಬ್ರಿಟನ್ನಿನಲ್ಲಿರುವ ನಮ್ಮ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. "ಲೋಟಸ್ ಸೆವೆನ್ ಥರದ ಕಾರ್ ಬೇಕು. ಹೊಸ ಕಿಟ್ ತಂದು ಗ್ಯಾರೇಜಿನಲ್ಲಿ ನಾವೇ ಜೋಡಿಸೋದಾ, ಇಲ್ಲಾ ಬೇರೆಯವರು ಕಟ್ಟಿದ ಹಳೆಯದನ್ನ ಕೊಳ್ಳೋದಾ?" ಇವತ್ತು ಇದರ ಹಿಂದಿನ ವಿಜ್ಞಾನ ನೋಡೋಣ.

ಮೊದಲು ಸ್ವಲ್ಪ ಇತಿಹಾಸ. 1957ರಲ್ಲಿ ಕಾಲಿನ್ ಚಾಪ್ಮನ್ ಲೋಟಸ್ ಸೆವೆನ್ ತಂದಾಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್‌ಗೆ ಇರಲಿಲ್ಲ. ಹಾಗಾಗಿ ಜನ ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯ್ತು. ಆದರೂ ಈ ಕಾರ್ ಉಳಿಯಿತು. ಅದೇ ವರ್ಷ ಕೇಟರ್‌ಹ್ಯಾಮ್ ಇದರ ಹಕ್ಕು ಕೊಂಡಿತು, ಬೇರೆಯವರೂ ಇದೇ ಮಾದರಿಯ ಕಿಟ್‌ಗಳನ್ನು ಮಾಡಿದರು.

ಉಳಿಯಲು ಕಾರಣ ತೂಕ. ಇದು ಸುಮಾರು ಅರ್ಧ ಟನ್ ಅಷ್ಟೇ. ತೂಕ ಅರ್ಧವಾದರೆ ಅದೇ ಬಲಕ್ಕೆ ವೇಗೋತ್ಕರ್ಷ ದುಪ್ಪಟ್ಟು, ಅದಕ್ಕೇ ಸಣ್ಣ ಎಂಜಿನ್ನೂ ಸಾಕು.

ಇಷ್ಟು ಹಗುರ ಆಗೋದು ಹೇಗೆ? ಒಳಗಿರುವುದು ತೆಳು ಉಕ್ಕಿನ ಕೊಳವೆಗಳ ಪಂಜರ. ನಾಲ್ಕು ಐಸ್‌ಕ್ರೀಮ್ ಕಡ್ಡಿಗಳನ್ನು ಗುಂಡುಪಿನ್ನಿನಿಂದ ಚೌಕವಾಗಿ ಜೋಡಿಸಿ ಒತ್ತಿ ನೋಡಿ, ವಾಲಿಬಿಡುತ್ತದೆ. ಒಂದು ಕರ್ಣದ ಕಡ್ಡಿ ಸೇರಿಸಿ, ಅಲುಗಾಡಲ್ಲ. ತ್ರಿಕೋನದ ಶಕ್ತಿ ಅದು. ಪಂಜರದಲ್ಲಿ ಒಂದು ಬೆಸುಗೆ ಬಿಟ್ಟರೆ ಆ ತ್ರಿಕೋನವೇ ಕಳಚಿದ ಹಾಗೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಏರ್‌ಬ್ಯಾಗ್ ಇರೋಲ್ಲ, ನಿಮಗಿರುವ ರಕ್ಷಣೆ ಬಹುಪಾಲು ಈ ಪಂಜರವೇ.

ಇದರ ದೊಡ್ಡ ಶತ್ರು ತುಕ್ಕು. ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ಹಾಳೆ ರಿವೆಟ್ ಮಾಡಿರ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪುನೀರು ಸಂದಿಗೆ ಇಳಿದರೆ, ಎರಡು ಲೋಹ ಮತ್ತು ಉಪ್ಪುನೀರು ಸೇರಿ ಪುಟ್ಟ ಬ್ಯಾಟರಿಯೇ ಆಗುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಲೇಪನದ ಪದರ ಎಲ್ಲಿ ಒಡೆದಿದೆಯೋ ಅಲ್ಲಿ ನೀರು ನಿಂತು ಉಕ್ಕೂ ತುಕ್ಕು ಹಿಡಿಯುತ್ತದೆ.

ಎರಡು ವರ್ಷದ ಹಿಂದೆ ನಾವೇ ಒಂದು ಕೆಂಪು ಕಾರಿಗೆ ಮರುಳಾಗಿದ್ವಿ. ಪೇಂಟ್ ಕನ್ನಡಿಯ ಹಾಗಿತ್ತು, ಮುಂಗಡ ಕೊಡೋದೊಂದೇ ಬಾಕಿ. ಟಾರ್ಚ್ ಹಿಡಿದು ಕೆಳಗೆ ನುಗ್ಗಿದರೆ ರಿವೆಟ್ ಸುತ್ತ ಬಿಳಿ ಪುಡಿ. ಪಂಜರದ ಎದುರು ಮೂಲೆಗಳ ನಡುವೆ ಟೇಪ್ ಹಿಡಿದ್ವಿ. ಎರಡು ಕರ್ಣಗಳೂ ಒಂದೇ ಅಳತೆ ಬರಬೇಕಿತ್ತು, 15 ಮಿಲಿಮೀಟರ್ ವ್ಯತ್ಯಾಸ ಬಂತು. ಎಲ್ಲೋ ಗುದ್ದಿ ಪಂಜರ ಸೊಟ್ಟಗಾಗಿತ್ತು ಅನ್ನಿಸಿತು. ಮುಂಗಡ ಕೊಡದೆ ಮನೆಗೆ ಬಂದ್ವಿ.

ಈಗ ಪ್ರಶ್ನೆಗೆ ಉತ್ತರ. ಬ್ರಿಟನ್ನಿನಲ್ಲಿ ಹೊಸದಾಗಿ ಜೋಡಿಸಿದ ಕಾರ್ ನೋಂದಣಿಗೆ ಮುನ್ನ ಐವಿಎ ಪರೀಕ್ಷೆ ಪಾಸಾಗಬೇಕು. ಕಟ್ಟುವ ಕೆಲಸವೇ ಖುಷಿ ಅನ್ನೋರಿಗೆ ಹೊಸ ಕಿಟ್ ಸರಿ. ಓಡಿಸೋದೇ ಮುಖ್ಯ ಅಂದ್ರೆ ಈಗಾಗಲೇ ನೋಂದಣಿಯಾಗಿರುವ ಹಳೆಯದನ್ನ ನೋಡಿ. ಆದರೆ ನೋಂದಣಿ ಪತ್ರದ ಚಾಸಿ ನಂಬರ್ ಕಾರಿನ ಮೇಲಿರುವುದಕ್ಕೆ ತಾಳೆಯಾಗಬೇಕು. ಎಂಜಿನ್ ಕೊಟ್ಟ ಹಳೇ ಕಾರಿನ ಹೆಸರೇ ಪತ್ರದಲ್ಲಿದ್ರೆ ದೂರ ಇರಿ. ಅಗ್ಗಕ್ಕೆ ಸಿಗುವ ಅರ್ಧ ಕಟ್ಟಿದ ಕಿಟ್ ಮಾತ್ರ ಬೇಡ. ಇನ್ನೊಬ್ಬರ ತಪ್ಪಿಗೆ ನೀವು ಪರೀಕ್ಷೆ ಬರೆಯಬೇಕಾಗುತ್ತೆ.

ನೋಡಲು ಹೋಗುವಾಗ ಟಾರ್ಚ್, ಟೇಪ್, ಹಳೇ ಬಟ್ಟೆ ಮರೀಬೇಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.