ಮೊದಲ ವಿದ್ಯುತ್ ಗಿಟಾರ್

ಕನ್ನಡ ಪಾಠ ಹೇಳುವವನಿಗೂ ವಿದ್ಯುತ್ ಗಿಟಾರಿಗೂ ಏನು ನಂಟೆಂದು ಸಹೋದ್ಯೋಗಿ ಮಿತ್ರರು ಕೇಳುವುದುಂಟು. ಮರಗೆಲಸ ನನ್ನ ಹವ್ಯಾಸ. ಈವರೆಗೆ ಮೂರು ಗಿಟಾರುಗಳನ್ನು ಮಾಡಿದ್ದೇನೆ. ಈ ಸುದ್ದಿ ಹೇಗೋ ಹಬ್ಬಿ, ಛಂದಸ್ಸಿನ ಸಂದೇಹ ಹಿಡಿದು ಬರುವ ವಿದ್ಯಾರ್ಥಿಗಳಿಗಿಂತ ಗಿಟಾರಿನ ಸಂದೇಹ ಹಿಡಿದು ಬರುವವರೇ ಈಗ ಹೆಚ್ಚಾಗಿದ್ದಾರೆ. ಅವರಿಗೆ ಹೇಳುತ್ತ ಬಂದಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಂದವರೆಲ್ಲ ಮೊದಲು ಬಿಚ್ಚಿ ತೋರಿಸುವುದು ಒಡಲಿನ ಚಿತ್ರವನ್ನು. ಒಬ್ಬನದಕ್ಕೆ ಕೊಂಬು, ಇನ್ನೊಬ್ಬನದಕ್ಕೆ ಬಾಲ. ಕಣ್ಣಿಗೆ ಹಬ್ಬವೇ ಸರಿ. ಆದರೆ ಶ್ರುತಿಗೆ ಅದರಿಂದ ಏನೂ ಆಗುವುದಿಲ್ಲ. ವೀಣೆಯ ಕೊಡ ನಾದವನ್ನು ತುಂಬಿಕೊಂಡು ಹೊರಗೆ ಕೊಡುತ್ತದೆ. ಇಲ್ಲಿ ಆ ಕೆಲಸ ಅಯಸ್ಕಾಂತ ಮತ್ತು ತಾಮ್ರದ ಸುರುಳಿಗೆ ಸೇರಿದ್ದು. 1940ರ ಸುಮಾರಿಗೆ ಅಮೆರಿಕದ ಲೆಸ್ ಪಾಲ್ ನಾಲ್ಕಂಗುಲ ಚದರದ ಮರದ ತೊಲೆಯೊಂದಕ್ಕೆ ತಂತಿ ಬಿಗಿದು ನುಡಿಸಿದ. ನೋಡುವವರಿಗೆ ಗಿಟಾರಿನಂತೆ ಕಾಣಲೆಂದು ಎರಡು ಪಕ್ಕಕ್ಕೂ ಹಳೆಯ ಗಿಟಾರಿನ ಹೋಳುಗಳನ್ನು ಸೇರಿಸಿದ. ಒಡಲಿನ ಬಗ್ಗೆ ಇಷ್ಟು ಸಾಕು: ಚೆನ್ನಾಗಿ ಒಣಗಿದ, ಸುಮಾರು 45 ಮಿಲಿಮೀಟರ್ ದಪ್ಪದ, ಸುಲಭವಾಗಿ ಸಿಗುವ ಮರವನ್ನು ಆರಿಸಿಕೊಳ್ಳಿರಿ.

ವಾದ್ಯದ ಮಾನ ಅಪಮಾನಗಳೆಲ್ಲ ಇರುವುದು ದಂಡಿಯಲ್ಲಿ, ಅದರ ಮೇಲಿನ ಮೆಟ್ಟಿಲುಗಳಲ್ಲಿ. ವೀಣೆ ಮಾಡುವವರು ದಂಡಿಯ ಮೇಲೆ ಮೇಣವಿಟ್ಟು 24 ಮೆಟ್ಟಿಲುಗಳನ್ನು ಒಂದೊಂದಾಗಿ, ಕಿವಿಗೊಟ್ಟು ಕೂರಿಸುತ್ತಾರೆ. ಸ್ವರ ತುಸು ಸರಿದರೆ ಮೆಟ್ಟಿಲನ್ನೂ ತುಸು ಸರಿಸಿದರಾಯಿತು, ಮೇಣ ಕ್ಷಮಿಸುತ್ತದೆ. ಗಿಟಾರಿನಲ್ಲಾದರೋ ಬೆರಳಾಡುವ ಪಟ್ಟಿಗೆ ಅಡ್ಡಲಾಗಿ ಗರಗಸದಿಂದ ಗೆರೆ ಕೊಯ್ದು ಫ್ರೆಟ್ ತಂತಿಯನ್ನು ಬಡಿದು ಕೂರಿಸಬೇಕು. ಕೊಯ್ದ ಗೆರೆಯನ್ನು ಸರಿಸುವಂತಿಲ್ಲ. ಕಿವಿ ಅಲ್ಲಿ ಕಡೆಗೆ ಮಾಡುವ ಕೆಲಸವನ್ನು ಇಲ್ಲಿ ಲೆಕ್ಕ ಮೊದಲೇ ಮಾಡಿ ಮುಗಿಸಿರಬೇಕು.

ಲೆಕ್ಕವೇನೂ ಕಠಿಣವಲ್ಲ. ಸಪ್ತಕವನ್ನು 12 ಸಮಪಾಲು ಮಾಡಿದಾಗ ದೊರೆಯುವ ಸಂಖ್ಯೆ 17.817. ತಂತಿ ಹೊರಡುವ ನಟ್ ಪಟ್ಟಿಯಿಂದ ಕುದುರೆಯವರೆಗೆ 648 ಮಿ.ಮೀ. ಇರಿಸಿಕೊಂಡು ಅದನ್ನು ಈ ಸಂಖ್ಯೆಯಿಂದ ಭಾಗಿಸಿದರೆ 36.37, ಮೊದಲ ಮೆಟ್ಟಿಲು ಅಲ್ಲಿ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸಿ ಕೂಡಿಸಿದರೆ 70.70, ಎರಡನೆಯದು ಅಲ್ಲಿ. ಹನ್ನೆರಡನೆಯದಕ್ಕೆ ಬರುವಾಗ 324, ಅಂದರೆ ಸರಿಯಾಗಿ ಅರ್ಧ. ಅಲ್ಲಿ ಮೇಲಿನ ಷಡ್ಜ ನುಡಿಯುತ್ತದೆ. ಆದರೆ ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಒಂದರಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬೇಡಿರಿ. ಕಾಗದದ ಮೇಲೆ ಮುದ್ರಿಸಿದ ಅಳತೆಪಟ್ಟಿಯನ್ನು ಅಂಟಿಸುವವರು ಅದರಲ್ಲಿ 324 ನಿಜಕ್ಕೂ 324 ಆಗಿದೆಯೆ ಎಂದು ಉಕ್ಕಿನ ಸ್ಕೇಲಿನಿಂದ ನೋಡಿಕೊಳ್ಳುವುದು ಒಳ್ಳೆಯದು.

ಕಳೆದ ವರ್ಷ ಮಲೆನಾಡಿನ ಹುಡುಗನೊಬ್ಬ ಬೀಟೆಯ ಹಲಗೆಯೊಂದನ್ನು ಹೊತ್ತು ತಂದ. ಹಳೆಯ ಮನೆ ಕೆಡವಿದಾಗ ಉಳಿದ ಬಾಗಿಲಿನದು. “ಇದರಿಂದಲೇ ಶುರು ಮಾಡ್ತೀನಿ ಸಾರ್” ಎಂದ. ಬೀಟೆ ಸಾಮಾನ್ಯ ಮರವಲ್ಲ. ಬ್ರೆಜಿಲಿನ ಬೀಟೆ ದುರ್ಲಭವಾದಾಗ, 1969ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿಯವರು ಗಿಟಾರಿಗಾಗಿ ತಿರುಗಿದ್ದು ಭಾರತದ ಬೀಟೆಗೆ, ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಮರಕ್ಕೆ. ಆ ಸಂಜೆ ಹುಡುಗನ ತಾಯಿ ಫೋನ್ ಮಾಡಿದರು: “ಮೇಷ್ಟ್ರೇ, ಅವನ ಅಜ್ಜ ನಿಂತು ಮಾಡಿಸಿದ ಬಾಗಿಲು ಅದು. ಬೇಡ ಅನ್ನೋಕೆ ನನಗೆ ಮನಸ್ಸಿಲ್ಲ. ಹಾಳಾದರೆ ಮಾತ್ರ ಇನ್ನೊಂದಿಲ್ಲ.”

ಹಲಗೆಯನ್ನು ಗೋಡೆಗೆ ಒರಗಿಸಿಟ್ಟು, ಅವನ ಕೈಗೆ ಸಿಲ್ವರ್ ಓಕಿನ ತುಂಡುಗಳನ್ನು ಕೊಟ್ಟೆ. ಮೊದಲ ತುಂಡಿನಲ್ಲಿ ಅವನು ಒಂದರ ಮುಂದೊಂದು ಅಳೆಯುತ್ತಲೇ ಹೋದ. ಹನ್ನೆರಡನೆಯ ಗೆರೆ ನಾಲ್ಕು ಮಿ.ಮೀ. ಆಚೆ ಬಿತ್ತು. ಒಂದೇ ತಂತಿ ಬಿಗಿದು ಕೇಳಿಸಿದೆ. ಷಡ್ಜಕ್ಕೆ ಷಡ್ಜ ಸೇರಲಿಲ್ಲ. ಹುಡುಗ ಮಾತಾಡದೆ ಗೋಡೆಯ ಕಡೆ ನೋಡಿದ. ನಾಲ್ಕನೆಯ ತುಂಡಿನ ಹೊತ್ತಿಗೆ ಅವನ ಗರಗಸ ನೆಟ್ಟಗೆ ಇಳಿಯತೊಡಗಿತು.

ದಂಡಿಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಇಡಲು ಮರೆಯಬೇಡಿರಿ. ಶ್ರುತಿಗೇರಿದ ಆರು ತಂತಿಗಳ ಎಳೆತ ಸುಮಾರು 40 ಕಿಲೋಗ್ರಾಂ; ಬರಿಯ ಮರ ಬಾಗದೆ ಇರದು. ಕುದುರೆಯ ಜಾಗವನ್ನು ನಿರ್ಧರಿಸುವುದು ದಂಡಿ ಒಡಲಿನಲ್ಲಿ ಭದ್ರವಾಗಿ ಕೂತ ಮೇಲೆ, ಅದಕ್ಕೆ ಮುಂಚೆ ಅಲ್ಲ. ದಪ್ಪ ತಂತಿಗೆ ಲೆಕ್ಕಕ್ಕಿಂತ ತುಸು ಹೆಚ್ಚು ಉದ್ದ ಬೇಕಾಗುವುದರಿಂದ ಹಿಂದಕ್ಕೆ ಸರಿಯಲು ಕುದುರೆಗೆ ಎಡೆಯಿರಲಿ.

ಎಲ್ಲವನ್ನೂ ಸ್ವಂತ ಕೈಯಿಂದಲೇ ಮಾಡುವೆನೆಂಬ ಹಟದವರಿಗೆ ಬ್ರಿಯಾನ್ ಮೇ ಅವರ ಕತೆ ಹೇಳುತ್ತೇನೆ. 1963ರಲ್ಲಿ, 16 ವರ್ಷದ ಹುಡುಗನಾಗಿದ್ದಾಗ, ಇಂಗ್ಲೆಂಡಿನ ತಮ್ಮ ಮನೆಯಲ್ಲಿ ತಂದೆಯೊಡನೆ ಅವರು ಗಿಟಾರ್ ಮಾಡಲು ತೊಡಗಿದರು. ದಂಡಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ. ಗುರುತಿನ ಚುಕ್ಕೆಗಳಿಗೆ ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಗುಂಡಿಗಳು. ಒಳಗಿನ ಸ್ಪ್ರಿಂಗುಗಳು ಹಳೆಯ ಮೋಟಾರ್ ಸೈಕಲ್ಲಿನವು. ಎರಡು ವರ್ಷ ಹಿಡಿಯಿತು. ಧ್ವನಿ ಹಿಡಿಯುವ ಪಿಕಪ್ಪನ್ನೂ ತಾವೇ ಸುತ್ತಿದರು. ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ನುಡಿಸಿದಾಗ ಅದು ಒರಟು ಸದ್ದು ಮಾಡಿತು. ಕೊನೆಗೆ ಬರ್ನ್ಸ್ ಕಂಪನಿಯ ಪಿಕಪ್ಪುಗಳನ್ನು ಕೊಂಡು ಹಾಕಿದರು. ಆ ಗಿಟಾರನ್ನೇ ಅವರು ಮುಂದೆ ಕ್ವೀನ್ ವೃಂದದಲ್ಲಿ ಬಾಳಿನುದ್ದಕ್ಕೂ ನುಡಿಸಿದ್ದು. ಕೂದಲಿನಂಥ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತುವ ಕೆಲಸ ಮೊದಲ ಗಿಟಾರಿಗೆ ಬೇಡವೆಂಬುದೇ ನನ್ನ ಮತ. ದಂಡಿಯನ್ನೇ ಸಿದ್ಧವಾಗಿ ಕೊಂಡರೂ ನಾನು ಹಂಗಿಸುವವನಲ್ಲ.

ಬಣ್ಣ ಬಳಿಯುವ ಮುನ್ನ ಒಮ್ಮೆ ಎಲ್ಲವನ್ನೂ ಜೋಡಿಸಿ, ತಂತಿ ಬಿಗಿದು, ನುಡಿಸಿ ನೋಡಿರಿ. ಗುಂಯ್ ಎಂಬ ಸದ್ದು ಬಂದರೆ, ಕುದುರೆಗೆ ನೆಲತಂತಿ ಬೆಸೆದಿದೆಯೆ, ಒಳಗಿನ ಗುಳಿಗೆ ತಾಮ್ರದ ಹಾಳೆ ಹೊದಿಸಿದೆಯೆ ಎಂಬುದನ್ನು ಮೊದಲು ನೋಡಬೇಕು.

ಹುಡುಗನ ಗಿಟಾರ್ ಸಂಕ್ರಾಂತಿಯ ಹೊತ್ತಿಗೆ ನುಡಿಯಿತು. ಒಡಲು ಸಿಲ್ವರ್ ಓಕಿನದು, ದಂಡಿ ಹಳೆಯ ತೇಗದ್ದು. ಆಮೇಲೆ ಅಜ್ಜನ ಹಲಗೆಯ ಒಂದು ಅಂಚಿನಿಂದ ಆರು ಮಿ.ಮೀ. ದಪ್ಪದ ಪಟ್ಟಿಯೊಂದನ್ನು ಸೀಳಿಸಿದೆವು. ಬೀಟೆಯ ಹುಡಿ ಉಸಿರಿಗೆ ಒಳ್ಳೆಯದಲ್ಲವಾದ್ದರಿಂದ ಇಬ್ಬರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಿದ್ದೆವು. ಆ ಪಟ್ಟಿಯ ಮೇಲೆ ಅವನು 22 ಗೆರೆಗಳನ್ನು ಪೆನ್ಸಿಲಿನಿಂದ ಎಳೆದಿದ್ದಾನೆ. ಗರಗಸವನ್ನು ಇನ್ನೂ ಮುಟ್ಟಿಲ್ಲ.