ಹಲ್ಲಿನ ಕಿಟ್ಟವೂ ಉಕ್ಕಿನ ಅಂಚೂ

ಹಾಲು ಸೀದುಹೋದ ಪಾತ್ರೆಯ ತಳವನ್ನು ಚಮಚದಿಂದ ಕೆರೆದವರಿಗೆ ಒಂದು ಸಂಗತಿ ಅನುಭವದಿಂದಲೇ ತಿಳಿದಿರುತ್ತದೆ. ಚಮಚವನ್ನು ತಳಕ್ಕೆ ಒರಗಿಸಿ ಎಳೆದರೆ ಅದು ಸೀದ ಪದರದ ಮೇಲೆ ಜಾರಿಹೋಗುತ್ತದೆ. ಅದರ ಅಂಚನ್ನು ಎತ್ತಿ ನಿಲ್ಲಿಸಿ ಎಳೆದರೆ ಪದರವು ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಬಲವೂ ಅಷ್ಟೇ, ಚಮಚವೂ ಅದೇ, ಬದಲಾದುದು ಕೋನವೊಂದೇ. ಇದೇ ಪ್ರಶ್ನೆಯು ಮನುಷ್ಯನ ಬಾಯಿಯೊಳಗೆ, ಒಸಡಿನ ಮರೆಯಲ್ಲಿ, ಕಣ್ಣಿಗೆ ಕಾಣದ ಕಡೆ ಎದುರಾದರೆ ಏನು ಮಾಡಬೇಕು? ಹಲ್ಲಿನ ಕಿಟ್ಟವನ್ನು ಕೈಯಿಂದ ತೆಗೆಯುವ ಡೆಂಟಲ್ ಹೈಜೀನಿಸ್ಟರು ಪ್ರತಿದಿನವೂ ಬಿಡಿಸಬೇಕಾದ ಸಮಸ್ಯೆ ಇದು. ನಾವು ದಂತವೈದ್ಯರಲ್ಲ, ಭೌತಶಾಸ್ತ್ರದ ಪಾಠ ಹೇಳುವವರು. ಆದರೂ ಈ ಪುಟ್ಟ ಉಪಕರಣಗಳನ್ನು ನೋಡಿದಾಗ, ಬಲ, ಒತ್ತಡ, ಘರ್ಷಣೆ, ಸನ್ನೆ ಎಂದು ನಾವು ಕಪ್ಪು ಹಲಗೆಯ ಮೇಲೆ ಬರೆಯುವುದೆಲ್ಲ ಅಂಗೈಯಗಲದ ಉಕ್ಕಿನ ಕಡ್ಡಿಯಲ್ಲಿ ಅಡಗಿರುವುದು ಕಾಣುತ್ತದೆ.

ಸಮಸ್ಯೆ ಹೊಸದಲ್ಲ. ಸುಶ್ರುತಸಂಹಿತೆಯ ಶಸ್ತ್ರಗಳ ಪಟ್ಟಿಯಲ್ಲಿ ‘ದಂತಶಂಕು’ ಎಂಬುದೊಂದುಂಟು. ‘ದಂತಶರ್ಕರಾ’ ಎಂದು ಆ ಗ್ರಂಥವು ಕರೆಯುವ ಕಿಟ್ಟವನ್ನು ತೆಗೆಯುವಾಗ ಹಲ್ಲಿನ ಮೂಲಕ್ಕೆ ನೋವಾಗದಂತೆ ತೆಗೆಯಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೊವದ ವೈದ್ಯ ಅಲ್ ಜಹ್ರಾವಿಯು ಹಲ್ಲು ಕೆರೆಯುವ ಹಲವು ಉಪಕರಣಗಳ ಚಿತ್ರಗಳನ್ನೇ ತನ್ನ ಗ್ರಂಥದಲ್ಲಿ ಕೊಟ್ಟನು. ಈ ಕೆಲಸವೇ ಒಂದು ವೃತ್ತಿಯಾದದ್ದು ಮಾತ್ರ ಇತ್ತೀಚೆಗೆ. ಅಮೆರಿಕದ ಬ್ರಿಡ್ಜ್‌ಪೋರ್ಟ್ ನಗರದಲ್ಲಿ ಡಾ. ಆಲ್‌ಫ್ರೆಡ್ ಫೋನ್ಸ್ 1913ರಲ್ಲಿ ಹೈಜೀನಿಸ್ಟರ ಶಾಲೆಯನ್ನು ತೆರೆದರು. ನಮ್ಮ ದೇಶದ 1948ರ ದಂತವೈದ್ಯರ ಕಾಯಿದೆಯೂ ಹಲ್ಲನ್ನು ಕೆರೆದು, ಶುಚಿಮಾಡಿ, ಹೊಳಪು ಕೊಡುವ ಈ ವೃತ್ತಿಯವರನ್ನು ಪ್ರತ್ಯೇಕವಾಗಿ ಹೆಸರಿಸಿದೆ.

ಕಿಟ್ಟವೆಂದರೇನು? ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳ ಮೆತ್ತನೆಯ ಪೊರೆಯೊಂದು ಕಟ್ಟುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳು ಅದರಲ್ಲಿ ನೆಲೆನಿಂತಾಗ ಆ ಪೊರೆಯೇ ಕಲ್ಲಾಗುತ್ತದೆ. ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿಯೂ ಮೇಲಿನ ದವಡೆಹಲ್ಲುಗಳ ಹೊರಬದಿಯಲ್ಲಿಯೂ ಅದು ಹೆಚ್ಚು. ಜೊಲ್ಲಿನ ನಾಳಗಳು ತೆರೆಯುವುದು ಆ ಸ್ಥಳಗಳ ಬಳಿಯಲ್ಲೇ. ಒಮ್ಮೆ ಕಲ್ಲಾದುದನ್ನು ಹಲ್ಲುಜ್ಜುವ ಬ್ರಷ್ ತೆಗೆಯಲಾರದು. ಅದನ್ನು ಸೀಳಿ ಎಬ್ಬಿಸಬೇಕು. ಆದರೆ ಕೆಳಗಿರುವ ಬೇರಿನ ಹೊದಿಕೆ ಮೆತ್ತಗಿನದು, ತೆಳುವಾದದು. ಕಿಟ್ಟಕ್ಕೆ ನಾಟಬೇಕು, ಬೇರನ್ನು ಕೊರೆಯಬಾರದು.

ನಾಟುವುದು ಬಲವಲ್ಲ, ಒತ್ತಡ. ಒಂದು ಲೆಕ್ಕವನ್ನು ಹಾಕೋಣ. ಕೈಯು ಅಲಗಿನ ಮೇಲೆ ಸುಮಾರು 5 ನ್ಯೂಟನ್, ಎಂದರೆ ಅರ್ಧ ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕಿತೆನ್ನಿ. ಅಲಗು ಕಿಟ್ಟವನ್ನು ಮುಟ್ಟಿರುವ ಉದ್ದ 2 ಮಿಲಿಮೀಟರ್. ಹರಿತವಾದ ಅಂಚಿನ ದಪ್ಪ 5 ಮೈಕ್ರೋಮೀಟರ್ ಎಂದಿಟ್ಟುಕೊಳ್ಳೋಣ. ಆಗ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 5000 ಪಟ್ಟು! ಅದೇ ಅಂಚು ಸವೆದು 50 ಮೈಕ್ರೋಮೀಟರ್ ದಪ್ಪವಾದರೆ ಒತ್ತಡ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಮೊದಲಿನಷ್ಟೇ ನಾಟಬೇಕಾದರೆ ಕೈಯು 50 ನ್ಯೂಟನ್ ಬಲವನ್ನು ಕೊಡಬೇಕು. ಬೆರಳುಗಳಿಗೆ ಇದು ಸಾಧ್ಯವಾಗುವ ಮಾತಲ್ಲ. ಆಗ ನಡೆಯುವುದೇನೆಂದರೆ, ಮೊಂಡು ಅಲಗು ಕಿಟ್ಟವನ್ನು ಎಬ್ಬಿಸದೆ ಅದರ ಮೇಲ್ಮೈಯನ್ನು ನಯಮಾಡಿ ಮುಂದೆ ಸಾಗುತ್ತದೆ. ಹೀಗೆ ಮೆರುಗೇರಿದ ಕಿಟ್ಟವು ಪರೀಕ್ಷಿಸುವ ಸಲಾಕೆಯ ತುದಿಗೆ ಹಲ್ಲಿನಂತೆಯೇ ತೋರುತ್ತದೆ. ಕೆಲಸ ಮುಗಿಯಿತೆಂದು ರೋಗಿ ಮನೆಗೆ ಹೋಗುತ್ತಾನೆ. ಒಸಡಿನ ಉರಿಯೂತ ಮುಂದುವರಿಯುತ್ತದೆ. ಏನೂ ಮಾಡದೆ ಬಿಟ್ಟಿದ್ದರೆ ಮುಂದಿನ ಸಲವಾದರೂ ಅದು ಸುಲಭವಾಗಿ ಕೈಗೆ ಸಿಗುತ್ತಿತ್ತು!

ಇನ್ನು ಕೋನ. ಅಲಗಿನ ಮುಖಕ್ಕೂ ಹಲ್ಲಿನ ಮೇಲ್ಮೈಗೂ ನಡುವಣ ಕೋನವು 45 ಡಿಗ್ರಿಗಿಂತ ಕಡಿಮೆಯಾದರೆ ಅಂಚು ಜಾರುತ್ತದೆ, ನಮ್ಮ ಒರಗಿಸಿದ ಚಮಚದಂತೆ. 90ನ್ನು ಮೀರಿದರೆ ಅಂಚು ಕಚ್ಚುವುದಿಲ್ಲ, ಪಕ್ಕದ ಒಸಡಿಗೂ ಗಾಯವಾದೀತು. ಕೆಲಸ ಚೆನ್ನಾಗಿ ಸಾಗುವುದು 60ರಿಂದ 80 ಡಿಗ್ರಿಗಳ ಆಸುಪಾಸಿನಲ್ಲಿ. ಒಸಡಿನ ಕೆಳಗೆ ಅಲಗು ಕಾಣದಿರುವಾಗ ಈ ಕೋನವನ್ನು ಅಳೆಯುವುದು ಹೇಗೆ?

ಇದಕ್ಕೆ ಉತ್ತರ ಉಪಕರಣದ ಆಕಾರದಲ್ಲಿಯೇ ಇದೆ. ಒಸಡಿನ ಮೇಲಣ ದಪ್ಪ ಕಿಟ್ಟಕ್ಕೆ ಕುಡುಗೋಲಿನ ಆಕಾರದ ಸಿಕಲ್ ಸ್ಕೇಲರ್ ಸಾಕು. ಅದರ ಅಡ್ಡಕೊಯ್ತ ತ್ರಿಕೋನ, ತುದಿ ಚೂಪು; ಒಸಡಿನ ಕೆಳಗೆ ಇಳಿಸಲು ಅದು ತಕ್ಕುದಲ್ಲ. ಅಲ್ಲಿಗೆ ಬೇಕಾದುದು ಕ್ಯೂರೆಟ್: ದುಂಡನೆಯ ತುದಿ, ದುಂಡನೆಯ ಬೆನ್ನು, ಅರ್ಧವೃತ್ತದ ಅಡ್ಡಕೊಯ್ತ. ಕ್ಯೂರೆಟುಗಳಲ್ಲಿ ಸಾರ್ವತ್ರಿಕ ಬಗೆಯದಕ್ಕೆ ಎರಡು ಅಂಚುಗಳೂ ಕೆಲಸಕ್ಕೆ ಬರುತ್ತವೆ; ಅದರ ಮುಖವು ಕತ್ತಿಗೆ ಲಂಬವಾಗಿರುತ್ತದೆ. ಒಂದೇ ಉಪಕರಣದಿಂದ ಬಾಯಿಯ ಬಹುಭಾಗವನ್ನು ಮುಗಿಸಬಹುದು. ಆದರೆ ಕೋನವನ್ನು ಕಾಯ್ದುಕೊಳ್ಳಲು ಕತ್ತನ್ನು ಹಲ್ಲಿನ ಕಡೆಗೆ ಸ್ವಲ್ಪ ವಾಲಿಸಬೇಕು, ಎಷ್ಟೆಂಬುದು ಕೈಯ ಅಭ್ಯಾಸಕ್ಕೆ ಬಿಟ್ಟದ್ದು. ಮಿಷಿಗನ್ ವಿಶ್ವವಿದ್ಯಾನಿಲಯದ ಡಾ. ಕ್ಲೇಟನ್ ಗ್ರೇಸಿ 1930ರ ದಶಕದಲ್ಲಿ ಬೇರೊಂದು ಉಪಾಯವನ್ನು ಯೋಚಿಸಿದರು. ಅವರ ಕ್ಯೂರೆಟಿನ ಮುಖವು ಕತ್ತಿಗೆ 60ರಿಂದ 70 ಡಿಗ್ರಿಯಷ್ಟು ಓರೆಯಾಗಿರುತ್ತದೆ. ಕೆಲಸ ಮಾಡುವುದು ಒಂದೇ ಅಂಚು. ಕತ್ತಿನ ಕೊನೆಯ ಭಾಗವನ್ನು ಹಲ್ಲಿನ ಮೇಲ್ಮೈಗೆ ಸಮಾಂತರವಾಗಿ ಹಿಡಿದರೆ ಸಾಕು, ಒಳಗಿರುವ ಮುಖವು ಹಲ್ಲಿನೊಡನೆ ಆ 60–70 ಡಿಗ್ರಿ ಕೋನವನ್ನು ತಾನಾಗಿಯೇ ಮಾಡುತ್ತದೆ. ಕಾಣದ ಕೋನವನ್ನು ಕಾಣುವ ಸಮಾಂತರ ರೇಖೆಗೆ ತಂದಿರಿಸಿದ ಜಾಣ್ಮೆ ಇದು. ಬೆಲೆಯೂ ಉಂಟು: ಒಂದೊಂದು ಪ್ರದೇಶಕ್ಕೆ ಒಂದೊಂದು ಜೋಡಿ ಬೇಕು. 1–2 ಮುಂಬಲ್ಲುಗಳಿಗೆ, ದವಡೆಹಲ್ಲುಗಳ ಮುಂದಣ ಪಾರ್ಶ್ವಕ್ಕೆ 11–12, ಹಿಂದಣ ಪಾರ್ಶ್ವಕ್ಕೆ 13–14. ಆಳವಾದ ಒಸಡಿನ ಕುಳಿಗಳಿಗೆ ಇಂಥದನ್ನೇ ಆರಿಸುವುದು ಲೇಸೆಂದು ನಮಗೆ ತೋರುತ್ತದೆ.

ಕತ್ತಿನ ಬಿಗುವೂ ಗಮನಿಸತಕ್ಕದ್ದು. ದಪ್ಪ ಕಿಟ್ಟಕ್ಕೆ ಬಾಗದ ಕತ್ತು ಬೇಕು; ಸಣ್ಣ ಉಳಿಕೆಗಳನ್ನು ಕಂಪನದಿಂದ ಬೆರಳಿಗೆ ತಿಳಿಸಲು ತುಸು ಬಾಗುವ ತೆಳ್ಳನೆಯ ಕತ್ತು ಮೇಲು.

ಹಿಡಿಯನ್ನು ಆರಿಸುವವರು ಬಹುಮಟ್ಟಿಗೆ ಅಂದವನ್ನೇ ನೋಡುತ್ತಾರೇನೋ! ವಾಸ್ತವವಾಗಿ ಹೈಜೀನಿಸ್ಟರ ಕೈಯ ಆಯುಷ್ಯವು ಅದರ ಮೇಲೆ ನಿಂತಿದೆ. ಅಲಗಿನ ತುದಿ ಹಿಡಿಯ ಅಕ್ಷದಿಂದ 2 ಮಿಲಿಮೀಟರ್ ಪಕ್ಕಕ್ಕಿದ್ದರೆ, 5 ನ್ಯೂಟನ್ ಬಲವು ಹಿಡಿಯನ್ನು 10 ನ್ಯೂಟನ್-ಮಿಲಿಮೀಟರ್ ತಿರುಚುಬಲದಿಂದ ತಿರುಗಿಸಲು ನೋಡುತ್ತದೆ. ಇದನ್ನು ತಡೆಯುವುದು ಬೆರಳುಗಳ ಘರ್ಷಣೆ. ಘರ್ಷಣಾಂಕ 0.4 ಎಂದಾದರೆ, 5 ಮಿಲಿಮೀಟರ್ ದಪ್ಪದ ಹಿಡಿಯನ್ನು ಎರಡು ಕಡೆಯಿಂದಲೂ 5 ನ್ಯೂಟನ್ ಬಲದಿಂದ ಅಮುಕಬೇಕು. 10 ಮಿಲಿಮೀಟರ್ ದಪ್ಪದ್ದಾದರೆ ಎರಡೂವರೆ ನ್ಯೂಟನ್ ಸಾಕು. ಒದ್ದೆಯಾದ ಕೈಗವಸು ಘರ್ಷಣೆಯನ್ನು ತಗ್ಗಿಸುತ್ತದೆ; ಆದುದರಿಂದ ನುಣುಪು ಹಿಡಿಗಿಂತ ಗೀರುಗಳುಳ್ಳದ್ದು ಒಳ್ಳೆಯದು. ಕ್ಯಾಲಿಫೋರ್ನಿಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 10 ಮಿಲಿಮೀಟರ್ ದಪ್ಪದ, 15 ಗ್ರಾಂ ತೂಕದ ಹಿಡಿಯೇ ಸ್ನಾಯುಗಳಿಗೆ ಅತಿ ಕಡಿಮೆ ಶ್ರಮವನ್ನು ಕೊಟ್ಟಿತು. ದಿನವೂ ಸಾವಿರಾರು ಸಲ ಅಮುಕುವ ಬೆರಳುಗಳಿಗೆ ಎರಡೂವರೆ ನ್ಯೂಟನ್ನಿನ ಉಳಿತಾಯ ಸಣ್ಣದಲ್ಲ; ಮಣಿಕಟ್ಟಿನ ನರ ಅಮುಕಲ್ಪಟ್ಟು ಬೆರಳು ಜೋಮುಗಟ್ಟುವ ಬೇನೆ ಈ ವೃತ್ತಿಯವರಿಗೆ ಪರಿಚಿತವಾದದ್ದು.

ಶ್ರವಣಾತೀತ ಕಂಪನದ ಯಂತ್ರಗಳು ಬಂದ ಮೇಲೆಯೂ ಕೈ ಉಪಕರಣಗಳು ಮೂಲೆಸೇರಿಲ್ಲ. ಆದರೆ ಎಷ್ಟೇ ಚೆನ್ನಾಗಿ ಆರಿಸಿದ ಉಪಕರಣವೂ ಬಳಕೆಯಿಂದ ಮೊಂಡಾಗುತ್ತದೆ, ಸಾಣೆ ಹಿಡಿಯಲೇಬೇಕು. ಅಲಗಿನ ಮುಖಕ್ಕೂ ಪಾರ್ಶ್ವಕ್ಕೂ ನಡುವೆ 70ರಿಂದ 80 ಡಿಗ್ರಿ ಕೋನ ಉಳಿಯಬೇಕು. ಇದಕ್ಕಾಗಿ ಸಾಣೆಕಲ್ಲನ್ನು ಮುಖಕ್ಕೆ 100ರಿಂದ 110 ಡಿಗ್ರಿಯಲ್ಲಿ ಹಿಡಿಯುತ್ತಾರೆ. 180ರಿಂದ ಕಳೆದು ನೋಡಿದರೆ ಕಾರಣ ತಿಳಿಯುತ್ತದೆ. ಕೋನ ಇನ್ನೂ ಕಿರಿದಾದರೆ ಅಂಚು ಹರಿತವಾದೀತು, ಬೇಗ ಸವೆದೀತು, ಹಿರಿದಾದರೆ ಕಚ್ಚಲೊಲ್ಲದು.

ಹರಿತವನ್ನು ಪರೀಕ್ಷಿಸಲು ದೀಪವೊಂದು ಸಾಕು. ಹರಿತವಾದ ಅಂಚು ಉದ್ದವುಂಟು ಅಗಲವಿಲ್ಲವೆನ್ನಬಹುದಾದ ರೇಖೆ. ಬೆಳಕನ್ನು ಪ್ರತಿಫಲಿಸಲು ಅಲ್ಲಿ ಮೇಲ್ಮೈಯೇ ಇಲ್ಲ. ಮೊಂಡಾದಾಗ ಆ ರೇಖೆ ಕಿರಿದಾದ ಪಟ್ಟಿಯಾಗಿ, ದೀಪದ ಕೆಳಗೆ ಬೆಳ್ಳನೆಯ ಗೆರೆಯಂತೆ ಹೊಳೆಯುತ್ತದೆ. ಓದುಗರು ಮನೆಯ ಈಳಿಗೆಯ ಅಲಗನ್ನು ದೀಪದ ಕೆಳಗೆ ಎಚ್ಚರಿಕೆಯಿಂದ ಓರೆಮಾಡಿ ನೋಡಿದರೆ, ತರಕಾರಿ ಎಲ್ಲಿ ಜಾರುತ್ತದೆಯೋ ಅಲ್ಲಿಯೇ ಆ ಬೆಳ್ಳನೆಯ ಗೆರೆ ಕಂಡೀತು.